ಬೆಂಕಿಪೊಟ್ಟಣದ ಮೆಟ್ಟಿಲು

ಅನಂತಲಕ್ಷ್ಮಮ್ಮನವರು ಮಹಡಿಯ ಕೋಣೆಯಲ್ಲಿ ಜಾರಿಬಿದ್ದಾಗ ಮನೆಯಲ್ಲಿದ್ದವಳು ಸೊಸೆ ಅಂಬುಜಾ ಒಬ್ಬಳೇ. ಮಗ ಕಿಟ್ಟಿ ಕಾರ್ಖಾನೆ ಕೆಲಸದ ಮೇಲೆ ಭದ್ರಾವತಿಗೆ ಹೋಗಿದ್ದ. ಬೀಳುವುದೇ ಆದರೆ ಗಂಡಸರು ಮನೆಯಲ್ಲಿರುವಾಗ ಬೀಳಬಾರದೇ ಎಂದರೆ, ಹಾಗೆ ಅನುಕೂಲ ನೋಡಿಕೊಂಡು ಯಾರು ತಾನೇ ಬೀಳುತ್ತಾರೆ ಹೇಳಿ.

ಧಡ್ ಎಂದು ಸದ್ದಾದಾಗ ಅಂಬುಜಾ ಕೆಳಗೆ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಸದ್ದು ಕೇಳಿಯೂ ಹೋಗಲಿಲ್ಲ. ಅತ್ತೆಯ ಕೋಣೆಯಿಂದ ಸದ್ದು ಬರುವುದು ಹೊಸದಲ್ಲ. ಅಲ್ಲಿ ಸದಾ ಏನಾದರೊಂದು ಉರುಳುತ್ತಲೇ ಇರುತ್ತಿತ್ತು, ಡಬ್ಬವೋ ಚೆಂಬೋ ತೆಂಗಿನ ಚಿಪ್ಪೋ. ಅದೆಲ್ಲ ಅತ್ತೆಯ 'ಲೆಕ್ಕದ ಆಟ'ದ ಸಾಮಾನು.

ಆ ಆಟದ ವಿಷಯ ಹೇಳಲೇಬೇಕು. ರಾಜಾಜಿನಗರದ ಆ ಬೀದಿಯಲ್ಲಿ ಬೇರೆ ಮನೆಯವರು ಶನಿವಾರ ಸಂಜೆ ರೇಡಿಯೋ ಹಾಕಿಕೊಂಡು ಕೂತರೆ, ಈ ಮನೆಯಲ್ಲಿ ಅರವತ್ತೆಂಟರ ತಾಯಿ, ನಲವತ್ತು ಸಮೀಪಿಸಿದ ಮಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಹುಣಸೆ ಬೀಜ ಜೋಡಿಸುತ್ತಿದ್ದರು. ಎಷ್ಟು ಬೀಜ ಇದ್ದರೆ ಚೌಕವಾಗಿ ಕೂರುತ್ತವೆ, ಎಷ್ಟಿದ್ದರೆ ಹಟ ಹಿಡಿದು ಒಂದೇ ಸಾಲಾಗಿ ನಿಲ್ಲುತ್ತವೆ ಅಂತ ನೋಡುವುದು. ಊಟದ ತಟ್ಟೆಗೆ ದಾರ ಸುತ್ತಿ, ಅದೇ ದಾರವನ್ನು ತಟ್ಟೆಗೆ ಅಡ್ಡಡ್ಡ ಮೂರು ಸಲ ಹಿಡಿದು, ಮಿಕ್ಕ ಚೋಟುದ್ದ ತುಂಡನ್ನು ಎತ್ತಿ ತೋರಿಸಿ ಇಬ್ಬರೂ ನಗುವುದು. ದೊಡ್ಡ ತಟ್ಟೆಯಾದರೂ ಅಷ್ಟೇ, ಬಟ್ಟಲಾದರೂ ಅಷ್ಟೇ, ಮೂರು ಸಲ ಹಿಡಿದ ಮೇಲೆ ಸ್ವಲ್ಪ ಮಿಕ್ಕೇ ಮಿಗುತ್ತದಂತೆ! ಅದರಲ್ಲಿ ನಗುವಂಥದ್ದೇನಿದೆಯೋ ಅಂಬುಜಾಗೆ ತಿಳಿಯುತ್ತಿರಲಿಲ್ಲ.

ತಿಳಿಯುತ್ತಿರಲಿಲ್ಲವೋ, ತಿಳಿಯುವುದು ಬೇಡವಾಗಿತ್ತೋ. ಮದುವೆಯಾಗಿ ಬಂದ ವರ್ಷ ಅವಳೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಆ ಸಲ ದಸರೆಗೆ ಎದುರುಮನೆ ಪಂಕಜಾ ಗೊಂಬೆ ನೋಡಲು ಬಂದಾಗ, ಅನಂತಲಕ್ಷ್ಮಮ್ಮ ಸೊಸೆಯನ್ನು ಹೊಗಳುತ್ತ ಹೊಗಳುತ್ತ, "ನಮ್ಮ ಅಂಬೂಗೆ ಲೆಕ್ಕ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತೆ" ಅಂದುಬಿಟ್ಟರು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ಅಂಬುಜಾ. ಪಂಕಜಾ ನಕ್ಕಳು. ಅತ್ತೆಯೂ ನಕ್ಕರು. ಅಂಬುಜಾ ಕೋಸಂಬರಿ ತರುವ ನೆಪ ಮಾಡಿ ಒಳಗೆ ಹೋದವಳು ಮತ್ತೆಂದೂ ಆ ಆಟಕ್ಕೆ ಕೂರಲಿಲ್ಲ. ಎಂಟು ವರ್ಷ ಸಂದರೂ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿಯೇ ಇತ್ತು.

ಸದ್ದಿನ ಹಿಂದೆಯೇ ಒಂದು ನರಳಾಟ ಕೇಳಿದಾಗ ಮಾತ್ರ ಅವಳು ಸೌಟು ಎಸೆದು ಓಡಿದಳು.

ಅತ್ತೆ ಬಾಗಿಲ ಬಳಿ ಅಂಗಾತ ಬಿದ್ದಿದ್ದರು. ಎಡಗಾಲು ಬಲಗಾಲಿಗಿಂತ ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಚಿಕೊಂಡು, ನೋಡಿದರೇ ಭಯವಾಗುವ ಹಾಗಿತ್ತು. "ಮುಟ್ಟಬೇಡ ಕಣೇ" ಅಂದರು ಅತ್ತೆ. ಅಂಬುಜಾ ಮುಟ್ಟಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದು ಕೂಗಿಕೊಂಡಳು.

ಡಾಕ್ಟರ್ ಚಕ್ರಪಾಣಿ ಬೀದಿ ಕೊನೆಯ ತಮ್ಮ ಶಾಪಿನಿಂದ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಂದರು. ಕಾಲು ನೋಡಿ, ಪಾದ ಮುಟ್ಟಿ ನೋಡಿ, ಒಂದು ಸೂಜಿ ಚುಚ್ಚಿ, ಅಂಬುಜಾಳನ್ನು ಪಕ್ಕಕ್ಕೆ ಕರೆದರು.

"ಸೊಂಟದ ಕೀಲಿನ ಹತ್ರ ಮುರಿದಿದೆಯಮ್ಮ. ಪಾದ ತಣ್ಣಗಾಗ್ತಾ ಇದೆ, ಅದೇ ನನಗೆ ಚಿಂತೆ. ಬೇಗ ದೊಡ್ಡಾಸ್ಪತ್ರೆ ಸೇರ್ಬೇಕು. ಆದ್ರೆ ಕೂರಿಸೋ ಹಾಗಿಲ್ಲ, ಕಾಲು ಮಡಿಸೋ ಹಾಗಿಲ್ಲ. ಎರಡು ಕಾಲೂ ಸೇರಿಸಿ ಕಟ್ಟಿ, ಹಲಗೆ ಮೇಲೆ ನೆಟ್ಟಗೆ ಮಲಗಿಸಿ ಇಳಿಸಿ. ದಾರೀಲಿ ಕಾಲು ಎಳೆದಾಡಿದ್ರೆ ಒಳಗೆ ರಕ್ತನಾಳ ಹರಿದುಹೋಗಬಹುದು. ಆಮೇಲೆ ನನ್ನ ಕೈಲಿಲ್ಲ. ಸೂಜಿ ಒಂದು ಗಂಟೆ ನೋವು ತಡೆಯುತ್ತೆ, ಅಷ್ಟೇ." ಆಸ್ಪತ್ರೆಗೆ ಫೋನ್ ಮಾಡಿ ಹೇಳಿರುತ್ತೇನೆಂದು ಅವರು ಶಾಪಿಗೆ ಹೊರಟರು.

ಹಲಗೆ ಅಂದರೆ ಮನೆಯಲ್ಲಿದ್ದದ್ದು ಒಂದೇ, ಗೊಂಬೆ ಹಲಗೆ. ದಸರೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲ ಸಾಲಿಗೆ ಕೆಳಗಿನ ಹಲಗೆ ಅದು. ಅನಂತಲಕ್ಷ್ಮಮ್ಮನ ತವರಿನಿಂದ ಬಂದ ತೇಗದ್ದು. ಪಕ್ಕದ ಬೀದಿಯ ಸೌದೆ ಡಿಪೋ ಚನ್ನವೀರಪ್ಪ ತನ್ನ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದ. ಡ್ರೈವರ್ ಮುನಿರಾಜು, ಜೊತೆಗೆ ಮೂಟೆ ಹೊರುವ ಇಬ್ಬರು ಆಳುಗಳು. ನಾಲ್ಕೂ ಜನ ಗಟ್ಟಿ ಆಸಾಮಿಗಳು. ಅತ್ತೆಯನ್ನು ಹಲಗೆಗೆ ಮಲಗಿಸಿ, ಅವರದೇ ಸೀರೆಗಳಿಂದ ಕಟ್ಟಿ, "ಎತ್ರಪ್ಪಾ" ಅಂದ ಚನ್ನವೀರಪ್ಪ. ಹೂವೆತ್ತಿದ ಹಾಗೆ ಎತ್ತಿದರು.

ಎತ್ತುವುದೇನು ದೊಡ್ಡದಲ್ಲ. ಕಷ್ಟವಿದ್ದದ್ದು ಮೆಟ್ಟಿಲಿನಲ್ಲಿ.

ಆ ಮೆಟ್ಟಿಲು ಅರ್ಧಕ್ಕೆ ಇಳಿದು, ಒಂದು ಪುಟ್ಟ ಚೌಕದಲ್ಲಿ ಮೂಲೆಗೆ ತಿರುಗಿ, ಮತ್ತೆ ಇಳಿಯುತ್ತಿತ್ತು. ಎರಡೂ ಕಡೆ ಗೋಡೆ. ಅಗಲ ಎರಡೂವರೆ ಅಡಿ. ಮಹಡಿಯ ಕೋಣೆ ಕಟ್ಟಿಸುವಾಗ ತಾಯಿ ಮಗ ಬೆಂಕಿಪೊಟ್ಟಣಗಳನ್ನು ನೆಲದ ಮೇಲೆ ಜೋಡಿಸಿ, ಸರಿಸಿ, ಆಡಿ, ಆಡಿ, ಮೆಟ್ಟಿಲನ್ನು ಕಿರಿದು ಮಾಡಿ ಅಡುಗೆಮನೆಗೆ ಒಂದು ಮೊಳ ಜಾಗ ಗಿಟ್ಟಿಸಿದ್ದರು. ಮನೆಗೆ ಬಂದವರಿಗೆಲ್ಲ ಅದನ್ನು ಹೇಳಿ ಹೇಳಿ ಅನಂತಲಕ್ಷ್ಮಮ್ಮನಿಗೆ ದಣಿವೇ ಆಗುತ್ತಿರಲಿಲ್ಲ.

ತಿರುವಿನಲ್ಲಿ ಹಲಗೆ ಸಿಕ್ಕಿಕೊಂಡಿತು. ಕಾಲಿನ ತುದಿ ಎದುರು ಗೋಡೆಗೆ ತಗುಲಿತು, ತಲೆಯ ತುದಿ ಹಿಂದಿನ ಗೋಡೆಗೆ. ಮುಂದಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ.

"ಸ್ವಲ್ಪ ಓರೆ ಮಾಡ್ರೋ" ಎಂದ ಚನ್ನವೀರಪ್ಪ.

ಓರೆ ಮಾಡಿದರು. ಸೀರೆಯ ಕಟ್ಟು ಜರುಗಿತು, ಅತ್ತೆಯ ಮೈ ಜರುಗಿತು, ಆ ಕಾಲು ಜರುಗಿತು. ಅನಂತಲಕ್ಷ್ಮಮ್ಮ ಕಿರುಚಿದ ಕಿರುಚಿಗೆ ಎದುರುಮನೆ ಪಂಕಜಾ ಬೀದಿಗೆ ಓಡಿಬಂದಳು.

"ನಿಲ್ಸಿ! ನಿಲ್ಸೀಂದ್ರೆ! ಮೇಲಕ್ಕೆ ತಗೊಳ್ಳಿ ವಾಪಸ್" ಎಂದು ಅಂಬುಜಾ ಕೂಗಿದಳು. ತನ್ನ ದನಿ ಅಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಮತ್ತೆ ಕೋಣೆಗೆ ತಂದು ಇಳಿಸಿದರು. ಅತ್ತೆಯ ಮುಖ ಸುಣ್ಣದ ಹಾಗಾಗಿತ್ತು, ಹಣೆಯ ತುಂಬ ಬೆವರು. ಅಂಬುಜಾ ಪಾದ ಮುಟ್ಟಿ ನೋಡಿದಳು. ಮೊದಲಿಗಿಂತ ತಣ್ಣಗಿತ್ತು.

"ಗೋಡೆ ಒಡೀಬೇಕು" ಎಂದ ಮುನಿರಾಜು.

"ಸಂಜೆ ಆಗುತ್ತೆ ಕಣೋ" ಎಂದ ಚನ್ನವೀರಪ್ಪ. "ಹಗ್ಗ ಕಟ್ಟಿ ತಾರಸಿಯಿಂದ ಇಳಿಸೋಣ್ವಾ?"

ತಾರಸಿಯ ಅಂಚಿಗೇ ಕರೆಂಟಿನ ತಂತಿಗಳು ಹಾದುಹೋಗಿದ್ದವು. ಅದೂ ಆಗದ ಮಾತು. ಚನ್ನವೀರಪ್ಪ ಕೆಟ್ಟವನಲ್ಲ, ಪರೋಪಕಾರಿಯೇ, ಆದರೆ ತಾಳ್ಮೆ ಅನ್ನುವುದು ಅವನ ಹತ್ತಿರ ಸುಳಿದದ್ದಿಲ್ಲ. ಸೌದೆ ಸಿಕ್ಕಿಕೊಂಡರೆ ಒದ್ದು ಬಿಡಿಸುವ ಜೀವ ಅದು. "ನೋಡಮ್ಮಾ, ಹೀಗೆ ಕೂತ್ರೆ ಆಗಲ್ಲ. ಕಣ್ಮುಚ್ಚಿ ಒಂದೇ ಸಲ ಎಳೆದುಬಿಡ್ತೀವಿ. ಒಂದು ನಿಮಿಷ ಕಿರುಚ್ತಾರೆ, ಆಮೇಲೆ ವ್ಯಾನಲ್ಲಿರ್ತಾರೆ" ಎಂದು ಪಂಚೆ ಎತ್ತಿ ಕಟ್ಟಿದ.

ಅಂಬುಜಾ ಬಾಗಿಲಿಗೆ ಅಡ್ಡ ನಿಂತಳು. ಅಡ್ಡ ನಿಂತದ್ದೇನೋ ಆಯಿತು, ಮುಂದೇನು ಅಂತ ಅವಳಿಗೆ ಗೊತ್ತಿರಲಿಲ್ಲ. ಕಿಟ್ಟಿ ಇಲ್ಲದ ಹೊತ್ತಿನಲ್ಲಿ ಅವನ ತಾಯಿಗೆ ಏನಾದರೂ ಆದರೆ? ಬದುಕಿರುವಷ್ಟು ದಿನ ತಾನು ಅವನ ಮುಖ ನೋಡುವುದು ಹೇಗೆ?

"ಅಂಬೂ" ಎಂದರು ಅತ್ತೆ, ಕಣ್ಣು ಮುಚ್ಚಿಯೇ. "ಆ ಗೂಡಿನಲ್ಲಿರೋ ಬೆಂಕಿಪೊಟ್ಟಣ ತಾ. ಎಲ್ಲಾ ತಾ."

ನೋವಿಗೆ ತಲೆ ಕೆಟ್ಟಿತೇನೋ ಅಂದುಕೊಂಡಳು ಅಂಬುಜಾ. ಆದರೂ ತಂದಳು.

"ಕಿಟ್ಟಿ ಇದ್ದಿದ್ರೆ ಅವನು ಮಾಡ್ತಿದ್ದ. ನೀನು ಮಾಡು. ನನಗೆ ತಲೆ ಎತ್ತೋಕೆ ಆಗಲ್ಲ. ಮೆಟ್ಟಿಲಿಗೆ ಗೇಣು ಹಾಕಿ ಬಾ."

ಅಂಬುಜಾ ಹೋಗಿ ಗೇಣು ಹಾಕಿದಳು. ಮೆಟ್ಟಿಲಿನ ಅಗಲ ಮೂರು ಗೇಣು, ಮೇಲೊಂದಿಷ್ಟು. ಹಲಗೆ ಉದ್ದ ಒಂಬತ್ತು ಗೇಣು, ಅಗಲ ಎರಡು. "ಒಂದು ಗೇಣಿಗೆ ಒಂದು ಬೆರಳು" ಎಂದರು ಅತ್ತೆ. ಅತ್ತೆಯ ತಲೆಯ ಪಕ್ಕದಲ್ಲೇ ಕೆಂಪು ಗಾರೆ ನೆಲದ ಮೇಲೆ ಅವಳು ಬೆಂಕಿಪೊಟ್ಟಣಗಳನ್ನು ನಿಲ್ಲಿಸಿ ಗೋಡೆ ಮಾಡಿದಳು. ಬೆರಳಿಟ್ಟು ಅಳೆದು ದಾರಿ ಬಿಟ್ಟಳು, ಮೂಲೆ ತಿರುಗಿಸಿದಳು. ಯಾರದೋ ಮದುವೆಯ ಕಾಗದವನ್ನು ಒಂಬತ್ತು ಬೆರಳುದ್ದ, ಎರಡು ಬೆರಳಗಲ ಕತ್ತರಿಸಿದಳು. ಅದೇ ಹಲಗೆ.

ತಳ್ಳಿದಳು. ಕಾಗದ ಮೂಲೆಗೆ ಬಂದು ನಿಂತಿತು. ನಿಜವಾದ ಹಲಗೆ ಎಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲೇ, ಹಾಗೇ.

"ಇದೇನಮ್ಮಾ, ಅಜ್ಜಿ ಪ್ರಾಣ ಹೋಗ್ತಾ ಇದೆ, ಮಕ್ಕಳಾಟ ಆಡ್ತಾ ಕೂತ್ರಲ್ಲ!" ಎಂದ ಚನ್ನವೀರಪ್ಪ.

ಎಂಟು ವರ್ಷ ಅಂಬುಜಾ ಮನಸ್ಸಿನಲ್ಲಿ ಅಂದುಕೊಂಡದ್ದೂ ಅದನ್ನೇ. ಆದರೆ ಈಗ ಬೇರೊಬ್ಬರ ಬಾಯಲ್ಲಿ ಕೇಳಿ ಅವಳಿಗೆ ಎಲ್ಲಿತ್ತೋ ಸಿಟ್ಟು, ಧಗ್ಗೆಂದು ಬಂತು.

"ಹೌದು ಕಣ್ರೀ, ಆಟಾನೇ. ಇಲ್ಲಿ ಸಿಕ್ಕಿಕೊಂಡ್ರೆ ಯಾರಿಗೂ ನೋಯೋದಿಲ್ಲ. ಎಷ್ಟು ಸಲ ಬೇಕಾದ್ರೂ ಸಿಕ್ಕಿಕೊಳ್ಳಬಹುದು. ಸುಮ್ನಿರಿ ಸ್ವಲ್ಪ."

ಚನ್ನವೀರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ಕಣ್ಣು ತೆರೆದು ಸೊಸೆಯನ್ನು ನೋಡಿದರು.

"ಹಲಗೆಗೆ ಗೇಣು ಹಾಕಿದೆ" ಎಂದರು ಮೆಲ್ಲಗೆ. "ನನಗೆ ಹಾಕಿದೆಯೇನೇ?"

ಅಂಬುಜಾ ಕಾಗದದಿಂದ ಕೈ ತೆಗೆದಳು. ಅಯ್ಯೋ, ಹೌದಲ್ಲ! ಇಳಿಸಬೇಕಾದದ್ದು ಹಲಗೆಯನ್ನಲ್ಲ, ಅತ್ತೆಯನ್ನು. ಕುಳ್ಳಗಿನ ಜೀವ ಅತ್ತೆ. ನೆತ್ತಿಯಿಂದ ಹಿಮ್ಮಡಿಯವರೆಗೆ, ಮೈಗೆ ತಾಗದಂತೆ ಗಾಳಿಯಲ್ಲೇ ಗೇಣು ಹಾಕಿದಳು. ಆರು ಗೇಣು, ಮೇಲೆ ಮೂರು ಬೆರಳು. ಕಾಗದವನ್ನು ಆರೂವರೆಗೆ ಕತ್ತರಿಸಿ ಮತ್ತೆ ತಳ್ಳಿದಳು. ಈ ಸಲ ಅರ್ಧ ತಿರುಗಿತು, ಇನ್ನೇನು ಬಂತು ಅನ್ನುವಷ್ಟರಲ್ಲಿ ನಿಂತಿತು. ಮತ್ತೊಂದು ಸಲ ತಳ್ಳಿದಳು, ಆ ಕಡೆಯಿಂದ, ಈ ಕಡೆಯಿಂದ. ಊಹೂಂ. ಬೆಂಕಿಪೊಟ್ಟಣ ಉರುಳಿತೇ ಹೊರತು ಕಾಗದ ತಿರುಗಲಿಲ್ಲ.

ಅತ್ತೆಯ ಉಸಿರು ಜೋರಾಗುತ್ತಿತ್ತು. ಸೂಜಿಯ ಬಲ ಇಳಿಯುತ್ತಿದೆ ಅಂತ ಅವಳಿಗೆ ತಿಳಿಯಿತು. ಬೇರೆ ಏನೂ ತೋಚದೆ ಸಿಟ್ಟಿಗೆ ಕಾಗದದ ತಲೆಯ ತುದಿಯನ್ನು ಉಗುರಿನಿಂದ ಮೀಟಿದಳು. ಕಾಗದ ಎದ್ದು ನಿಂತಿತು, ನಿಂತದ್ದೇ ಸಲೀಸಾಗಿ ಮೂಲೆ ತಿರುಗಿಬಿಟ್ಟಿತು.

ಅವಳು ಅದನ್ನು ಹಿಂದಕ್ಕೆ ತಂದು ಮತ್ತೊಮ್ಮೆ ಮಾಡಿದಳು. ಮಲಗಿಸಿದರೆ ಸಿಕ್ಕುತ್ತದೆ. ನಿಲ್ಲಿಸುತ್ತ ಹೋದ ಹಾಗೆ ಅದು ನೆಲದಲ್ಲಿ ಹಿಡಿಯುವ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಇಷ್ಟೇನಾ! ಇದಕ್ಕಾ ತಾಯಿ ಮಗ ಅಷ್ಟೊಂದು ನಗುತ್ತಿದ್ದದ್ದು? ಇಂಥ ಹೊತ್ತಿನಲ್ಲೂ ಅವಳಿಗೆ ಒಂದು ಕ್ಷಣ ಖುಷಿಯಾಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು.

"ಬಂತು ಅತ್ತೆ. ಆದ್ರೆ ನಿಮ್ಮನ್ನ ನಿಲ್ಲಿಸ್ಬೇಕು. ತಿರುವಿನಲ್ಲಿ."

"ಬಂತಲ್ಲ, ನಡೀರಿ ಮತ್ತೆ" ಎಂದು ಮುನಿರಾಜು ಎದ್ದ.

"ಇರಪ್ಪಾ. ಹಿಡ್ಕೊಳ್ಳೋರು ಎಲ್ಲಿ ನಿಲ್ತಾರೆ?" ಎಂದಳು ಅಂಬುಜಾ.

ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಕ್ಕಟ್ಟಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಬಾಗಿಲು ತೆಗೆಯುವುದಕ್ಕೂ ಆಗುವುದಿಲ್ಲ ಅನ್ನುವುದು ದಿನಾ ಉಂಡ ಅನುಭವ. ಡಬ್ಬದಿಂದ ಹುಣಸೆ ಬೀಜ ತೆಗೆದು ಬೆಂಕಿಪೊಟ್ಟಣದ ದಾರಿಯಲ್ಲಿ ಇಟ್ಟಳು, ಆಳಿಗೊಂದರಂತೆ. ತಿರುವಿನ ಚೌಕದಲ್ಲಿ ಎರಡು ಬೀಜ ಇಟ್ಟರೆ ಕಾಗದ ಮತ್ತೆ ಸಿಕ್ಕಿಕೊಂಡಿತು. ಆಗ ಬೀಜಗಳನ್ನು ಸರಿಸಿದಳು. ಎರಡನ್ನು ಮೇಲಿನ ಮೆಟ್ಟಿಲಿಗೆ ತಳ್ಳಿದಳು, ಎರಡನ್ನು ಕೆಳಗಿನ ಮೆಟ್ಟಿಲಿಗೆ. ಹಲಗೆಯ ಕಾಲಿನ ತುದಿಯನ್ನು ಚೌಕದ ನೆಲಕ್ಕೇ ಊರಿಸಿ, ಅಲ್ಲೇ ತಿರುಗಿಸಬೇಕು. ತಿರುಗಿಸುವುದಕ್ಕೆ ಒಂದು ಬೀಜ ಬೇಕು, ಸಣ್ಣದು. ಡಬ್ಬದಲ್ಲಿ ಹುಡುಕಿ ಸೊಟ್ಟಗಿನ ಸಣ್ಣ ಬೀಜವೊಂದನ್ನು ಮೂಲೆಯಲ್ಲಿಟ್ಟಳು. ಕಾಗದ ಅದನ್ನು ಸವರಿಕೊಂಡು ತಿರುಗಿತು.

ಸುತ್ತ ನಿಂತ ಗಂಡಸರೆಲ್ಲ ಹೊಟ್ಟೆ ಇದ್ದವರು. ಆ ಸಣ್ಣ ಬೀಜ ಯಾರೆಂದು ಯಾರೂ ಕೇಳಲಿಲ್ಲ.

"ನಿಲ್ಲಿಸಿದ್ರೆ ನಾನು ಕೆಳಕ್ಕೆ ಜಾರ್ತೀನಿ" ಎಂದರು ಅತ್ತೆ. ದನಿಯಲ್ಲಿ ಭಯವಿತ್ತು. ಅತ್ತೆಗೆ ಭಯವಾದದ್ದನ್ನು ಅಂಬುಜಾ ಹಿಂದೆ ಕಂಡಿರಲಿಲ್ಲ. "ಮುರಿದ ಕಾಲ ಮೇಲೆ ಭಾರ ಬಿದ್ರೆ ಅಲ್ಲಿಗೆ ಮುಗೀತು."

"ಹಲಗೆ ಕತ್ತರಿಸಿದ ತುಂಡು ಮಿಗುತ್ತಲ್ಲ. ಅದನ್ನ ಕಾಲಿನ ತುದಿಗೆ ಮೊಳೆ ಹೊಡೆದು ಪಾದ ಊರೋಕೆ ಮೆಟ್ಟು ಮಾಡಿಸ್ತೀನಿ. ಬಲಗಾಲಿಗೆ ಮಾತ್ರ. ಕಂಕುಳ ಕೆಳಗೆ ಸೀರೆ ಬಿಗೀತೀನಿ. ಭಾರವೆಲ್ಲ ಅಲ್ಲಿ, ಬಲಗಾಲಲ್ಲಿ."

"ಕಟ್ಟು ಬಿಚ್ಚಿಕೊಂಡ್ರೆ?"

ಬಿಚ್ಚಿಕೊಳ್ಳುವುದಿಲ್ಲ ಅಂತ ಆಣೆ ಇಡುವುದಕ್ಕೆ ಅಂಬುಜಾಗೆ ಧೈರ್ಯವಿರಲಿಲ್ಲ. ಬೇಡ ಎಂದು ಅತ್ತೆ ಒಂದು ಮಾತು ಅಂದರೆ ಸಾಕು, ಚನ್ನವೀರಪ್ಪ ಎಳೆಯುವುದಕ್ಕೆ ತಯಾರಾಗಿ ನಿಂತಿದ್ದ.

ಅನಂತಲಕ್ಷ್ಮಮ್ಮ ನೆಲದ ಮೇಲಿನ ಪುಟ್ಟ ಮೆಟ್ಟಿಲನ್ನೇ ಓರೆಗಣ್ಣಿನಲ್ಲಿ ನೋಡುತ್ತ ಇದ್ದರು.

"ಈ ಮೆಟ್ಟಿಲಿನ ಲೆಕ್ಕ ನಂದೇ ಕಣೇ. ಬೀರು ಹೋಗುತ್ತಾ, ಹಾಸಿಗೆ ಹೋಗುತ್ತಾ, ಎಲ್ಲ ಲೆಕ್ಕ ಹಾಕಿದ್ದೆ. ಮಲಗಿದ ಮನುಷ್ಯರನ್ನ ಇಳಿಸಬೇಕಾಗುತ್ತೆ ಅಂತ ಹೊಳೀಲೇ ಇಲ್ಲ ನೋಡು. ಹಿಡ್ಕೊಳ್ಳೋರು ಎಲ್ಲಿ ನಿಲ್ತಾರೆ ಅಂತಾನೂ ಹೊಳೀಲಿಲ್ಲ." ಅವರು ತುಟಿ ಕಚ್ಚಿ ನೋವು ನುಂಗಿದರು. "ಹಲಗೆ ಕತ್ತರಿಸು."

ಅತ್ತೆಯನ್ನು ಮೆಲ್ಲಗೆ ಚಾಪೆಗೆ ಸರಿಸಿ ಹಲಗೆ ಬಿಡಿಸಿಕೊಂಡರು. ಮುನಿರಾಜು ವ್ಯಾನಿನಿಂದ ಗರಗಸ ತಂದ. ತೇಗದ ಹಲಗೆ ನೋಡಿ ಅವನಿಗೇ ಕೈ ಬರಲಿಲ್ಲ. "ಎಂಥಾ ಮರ ಅಮ್ಮಾ, ಇಂಥದ್ದು ಈಗ ಸಿಗಲ್ಲ" ಎಂದ. ಅಂಬುಜಾ ಇದ್ದಿಲಿನಿಂದ ಗೆರೆ ಎಳೆದು ತೋರಿಸಿದಳು. ಗರಗಸ ಆಡುವಾಗ ಅತ್ತೆ ಆ ಕಡೆ ಮುಖ ತಿರುಗಿಸಿಕೊಂಡರು. ಮೆಟ್ಟು ಹೊಡೆದು, ಅತ್ತೆಯನ್ನು ಮತ್ತೆ ಹಲಗೆಗೆ ಮಲಗಿಸಿದ್ದಾಯಿತು. ಕಾಲುಗಳ ನಡುವೆ ದಿಂಬು ಇಟ್ಟು, ಕಂಕುಳಲ್ಲಿ, ಎದೆಗೆ, ಮಂಡಿಗೆ ಸೀರೆ ಸುತ್ತಿ, ಗಂಟುಗಳನ್ನೆಲ್ಲ ಅಂಬುಜಾ ತಾನೇ ಹಾಕಿದಳು. ಒಂದೊಂದನ್ನೂ ಎರಡೆರಡು ಸಲ ಜಗ್ಗಿ ನೋಡಿದಳು.

ಮೊದಲ ಮೆಟ್ಟಿಲುಗಳನ್ನು ಇಳಿದರು. ಅಂಬುಜಾ ಮುಂದೆ ಹೋಗಿ ಚೌಕದ ಮೂಲೆಯಲ್ಲಿ ಗೋಡೆಗೆ ಬೆನ್ನು ಆನಿಸಿ ನಿಂತಳು. ಚನ್ನವೀರಪ್ಪ ಮತ್ತು ಒಬ್ಬ ಆಳು ಮೇಲೆ, ಮುನಿರಾಜು ಮತ್ತು ಇನ್ನೊಬ್ಬ ಕೆಳಗೆ. ಹಲಗೆಯ ಅಡಿ ಚೌಕಕ್ಕೆ ಊರಿತು.

"ಈಗ ತಲೆ ಎತ್ತಿ. ಮೆಲ್ಲಗೆ. ಇನ್ನೂ ಮೆಲ್ಲಗೆ" ಎಂದಳು.

ಹಲಗೆ ಏಳುತ್ತ ಬಂತು. ಅತ್ತೆಯ ಭಾರ ಕಾಲಿನ ಕಡೆಗೆ ಇಳಿಯುತ್ತ ಬಂತು. ಕಂಕುಳ ಸೀರೆ ಕಿರ್ರೆಂದಿತು. ಮೇಲಿನ ಗಂಟು ಒಂದೆಳೆ ಜಾರಿತು, ಅತ್ತೆಯ ಮೈ ಕೆಳಕ್ಕೆ ಸರಿಯಿತು. ಅಂಬುಜಾ ಉಸಿರು ಕಟ್ಟಿ ಎದೆ ಕೊಟ್ಟು ಆತುಕೊಂಡಳು. ಅತ್ತೆಯ ಬಲ ಪಾದ ತಡವರಿಸಿ ಮೆಟ್ಟಿಗೆ ಸಿಕ್ಕಿ, ಅಲ್ಲಿ ನಿಂತಿತು. ಎಡಗಾಲು ಅಲುಗಲಿಲ್ಲ.

ಇಬ್ಬರ ಮುಖವೂ ಒಂದು ಬೆರಳಿನ ಅಂತರದಲ್ಲಿತ್ತು. ಎಂಟು ವರ್ಷ ಒಂದೇ ಮನೆಯಲ್ಲಿದ್ದು ಅಷ್ಟು ಹತ್ತಿರ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು, ಉಸಿರು ಬಿಸಿಯಾಗಿ ಅಂಬುಜಾಳ ಕೆನ್ನೆಗೆ ತಾಗುತ್ತಿತ್ತು.

"ಅಂಬೂ, ಇದರಲ್ಲಿ ನೀನು ಯಾವ ಬೀಜ ಕಣೇ?" ಎಂದರು ಅತ್ತೆ.

"ಮೂಲೇದು ಅತ್ತೆ. ಸೊಟ್ಟಗಿನದು."

"ಹಾಗಾದ್ರೆ ತಿರುಗಿಸು."

ತಿರುಗಿಸಿದಳು. ಹಲಗೆಯ ಅಂಚು ಒಂದು ಗೋಡೆಯ ಸುಣ್ಣ ಕೆರೆಯಿತು, ಇನ್ನೊಂದು ಅಂಚು ಅಂಬುಜಾಳ ಮೊಣಕೈ ತರಚಿತು. ಚನ್ನವೀರಪ್ಪ ಮೇಲಿನಿಂದ ಬಡಬಡಿಸುವುದನ್ನೂ ಮರೆತು, ಅವಳು ಹೇಳಿದಷ್ಟೇ ಎತ್ತಿದ, ಹೇಳಿದಷ್ಟೇ ಬಿಟ್ಟ. ಆಮೇಲೆ ಕೆಳಗಿನ ಇಬ್ಬರ ಕೈಗೆ ಹಲಗೆ ಸಿಕ್ಕಿತು, ಮತ್ತೆ ಓರೆಯಾಯಿತು, ಬೆಳಕಿಗೆ ಬಂತು. ಬಾಗಿಲಲ್ಲಿ ಡಾಕ್ಟರ್ ಚಕ್ರಪಾಣಿ ನಿಂತಿದ್ದರು. ಪಾದ ಮುಟ್ಟಿ ನೋಡಿ, ನಾಡಿ ನೋಡಿ, "ನಾಡಿ ಇದೆ, ಹೊರಡಿ" ಎಂದರು. ಅಂಬುಜಾ ವ್ಯಾನಿನ ನೆಲದಲ್ಲಿ ಹಲಗೆಯ ಪಕ್ಕ ಕೂತವಳು ದೊಡ್ಡಾಸ್ಪತ್ರೆ ಬರುವವರೆಗೂ ಅತ್ತಳು.

ಕಾಲು ಉಳಿಯಿತು. ಕಾಲಿಗೆ ತೂಕ ಕಟ್ಟಿ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿಸಿದ್ದರು. ಕೋಲೂರಿಕೊಂಡು ಮನೆಗೆ ಬಂದ ಅನಂತಲಕ್ಷ್ಮಮ್ಮನಿಗೆ ಕೆಳಗಿನ ಕೋಣೆಯೇ ಆಯಿತು. ಕಿಟ್ಟಿ, ಅಂಬುಜಾ ಮಹಡಿಗೆ ಹೋದರು.

ಆ ವರ್ಷವೂ ದಸರೆಗೆ ಗೊಂಬೆ ಕೂರಿಸಿದರು. ಕಿಟ್ಟಿ ಹೊಸ ಹಲಗೆ ತರುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. ಕೆಳಗಿನ ಸಾಲು ಎರಡೂ ಕಡೆ ಮೋಟಾಗಿ, ಮೇಲಿನ ಸಾಲುಗಳ ಕೆಳಗೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಆ ಸಾಲಿನ ಸೆಟ್ಟಿ ದಂಪತಿ ಗೊಂಬೆಗಳು ಜಾಗವಿಲ್ಲದೆ ನೆಲದ ಮೇಲೆ ಕೂತಿದ್ದವು. ಎದುರುಮನೆ ಪಂಕಜಾ ಗೊಂಬೆ ನೋಡಲು ಬಂದು, ಅದನ್ನು ನೋಡಿ ನಕ್ಕಳು.

"ಇದೇನು ಅಮ್ಮಾ, ಈ ಹಲಗೆ ಇಷ್ಟು ಗಿಡ್ಡ?"

ಅಂಬುಜಾ ಕೋಸಂಬರಿ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು.

"ಗಿಡ್ಡ ಅಲ್ಲ ಪಂಕಜಾ" ಎಂದರು ಅನಂತಲಕ್ಷ್ಮಮ್ಮ. "ಅದು ನನ್ನ ಅಳತೆ. ನಮ್ಮ ಅಂಬು ತೆಗೆದದ್ದು."

ಅಂಬುಜಾ ಈ ಸಲ ಒಳಗೆ ಹೋಗಲಿಲ್ಲ. ಬಟ್ಟಲನ್ನು ಪಂಕಜಾಳ ಕೈಗೆ ಕೊಟ್ಟು, ಅತ್ತೆಯ ಪಕ್ಕದಲ್ಲಿ ಕೂತಳು.